ಕಂಪ್ಯೂಟರಿಗೆ ತಗುಲಿದ ತೀಟು

ನಮ್ಮ ಮನೆಯ ಕಂಪ್ಯೂಟರಿಗೆ ತೀಟು ತಗುಲಿದೆ ಎಂದು ಮೊದಲು ಹೇಳಿದವಳು ಅಜ್ಜಿ. ಹೇಳಿದ್ದೂ ಜೋರಾಗಿಯೇ, ಹಿತ್ತಲಲ್ಲಿ ಕೂತಿದ್ದ ನನ್ನ ಕಿವಿಗೆ ಬೀಳಲಿ ಅಂತ. ತೀಟು ಅಂದರೆ ಮೈಲಿಗೆ. ಮಾತು ತಮಿಳಿನದು; ಆದರೆ ಸೇಲಂ ಅಮ್ಮಾಪೇಟೆಯ ನಮ್ಮಂಥ ನೇಕಾರರ ಮನೆಗಳಲ್ಲಿ ಯಾವ ಮಾತು ಕನ್ನಡ, ಯಾವುದು ತಮಿಳು ಅಂತ ಯಾರೂ ಬೇಲಿ ಹಾಕಿಕೊಂಡು ಕೂತಿರಲಿಲ್ಲ. ಹಕಾರವಂತೂ ನಮ್ಮ ಬಾಯಲ್ಲಿ ನಿಲ್ಲುತ್ತಲೇ ಇರಲಿಲ್ಲ, ಹೋಗು ಅನ್ನುವುದು ಓಗು, ಹೇಳು ಅನ್ನುವುದು ಏಳು. ಆಯುಧಪೂಜೆಯ ಬೆಳಿಗ್ಗೆ ನಾನು ಹೊರಗಾಗಿದ್ದೆ. ಮಾರನೇ ದಿನ ಬ್ರೌಸರು ತೆರೆಯಲಿಲ್ಲ. ಅಷ್ಟು ಸಾಕಾಯಿತು ಅವರಿಗೆ. ಇಷ್ಟು ವರ್ಷ ಕಳೆದ ಮೇಲೆ ಇದನ್ನು ಬರೆಯಲು ಕೂತರೂ ನನಗೆ ಮೈ ಉರಿಯುತ್ತದೆ, ಏನು ಮಾಡಲಿ.

ಅಪ್ಪ ನಾನು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದರು. ಮಗ್ಗಗಳನ್ನೂ ಮನೆಯನ್ನೂ ನೋಡಿಕೊಳ್ಳುತ್ತಿದ್ದವರು ಚಿಕ್ಕಪ್ಪ. ಅಮ್ಮ ಬೆಳಗಿನಿಂದ ಸಂಜೆತನಕ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಗಳು ಅವು, ಅವಿಲ್ಲದಿದ್ದರೆ ಒಂದು ಮಗ್ಗವೂ ಓಡುವುದಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ನಮ್ಮಿಂದ ಸೀರೆ ಕೊಳ್ಳುತ್ತಿದ್ದ ಮದ್ರಾಸಿನ ವ್ಯಾಪಾರಿಯೊಬ್ಬರು ಇನ್ನು ಮೇಲೆ ಅಂಚಿನ ಡಿಸೈನುಗಳನ್ನು ಪೋಸ್ಟಿನಲ್ಲಿ ಕಳಿಸುವುದಿಲ್ಲ, ಇ-ಮೇಲ್‌ನಲ್ಲೇ ಕಳಿಸುತ್ತೇನೆ ಎಂದರು. ಚಿಕ್ಕಪ್ಪ ಕಂಪ್ಯೂಟರು ತಂದರು. ತಂದು, ಬೀದಿಕೋಣೆಯಲ್ಲಿ ಕೂರಿಸಿ, ಹೂ ಹಾಕಿ, ಕೈಕಟ್ಟಿ ನಿಂತರು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ನಾನು ಆಗ ಬಿ.ಕಾಂ. ಮುಗಿಸಿ, ಗಂಡು ಗೊತ್ತಾಗುವ ತನಕ ಏನು ಮಾಡುವುದೆಂದು ತಿಳಿಯದೆ ಮನೆಯಲ್ಲಿದ್ದೆ. ಬೇರೆ ದಾರಿಯಿಲ್ಲದೆ ನನ್ನನ್ನು ಕಂಪ್ಯೂಟರ್ ಕ್ಲಾಸಿಗೆ ಕಳಿಸಿದರು. ಆ ಯಂತ್ರದ ಮುಂದಿನ ಕುರ್ಚಿ ನನ್ನದಾಯಿತು. ನನ್ನದು ಎಂದು ಹೇಳಿಕೊಳ್ಳಲು ಆ ಮನೆಯಲ್ಲಿ ನನಗೆ ಒಂದು ಗೂಟವೂ ಇರಲಿಲ್ಲ, ಹಾಸಿಗೆಯನ್ನೂ ಅಮ್ಮನ ಜೊತೆ ಹಂಚಿಕೊಳ್ಳುತ್ತಿದ್ದೆ. ಆ ಕುರ್ಚಿಯಲ್ಲಿ ಕೂತು, ಮದ್ರಾಸಿನವರಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದು, ಬಂದ ಡಿಸೈನನ್ನು ಪ್ರಿಂಟ್ ಹಾಕಿ ಚಿಕ್ಕಪ್ಪನ ಕೈಗೆ ಕೊಡುವಾಗ ಅವರು ನನ್ನನ್ನು ನೋಡುತ್ತಿದ್ದ ರೀತಿಯೇ ಬೇರೆ. ಗಂಡಿನ ಮಾತು ಕೂಡ ಆಮೇಲೆ ಮನೆಯಲ್ಲಿ ಕಮ್ಮಿಯಾಗಿತ್ತು.

ಆಯುಧಪೂಜೆ ನೇಕಾರರಿಗೆ ಸಣ್ಣ ಹಬ್ಬವಲ್ಲ. ಮಗ್ಗದಿಂದ ಲಾಳಿ ತೆಗೆದು, ಕಂಡಿಕೆ, ಕತ್ತರಿ, ಅಳತೆಕೋಲು, ಎಲ್ಲವನ್ನೂ ಒರೆಸಿ, ಸಾಮಿಯ ಮುಂದೆ ಒಂದೇ ಕಡೆ ಗುಡ್ಡೆ ಹಾಕುತ್ತೇವೆ. ಗಂಧ ಕುಂಕುಮ ಇಟ್ಟ ಮೇಲೆ ಮಾರನೇ ದಿನ ಮರುಪೂಜೆ ಆಗುವವರೆಗೆ ಒಂದನ್ನೂ ಮುಟ್ಟುವಂತಿಲ್ಲ. ಆಮೇಲೆ ಪ್ರತಿಯೊಂದನ್ನೂ ಅದರದರ ಜಾಗಕ್ಕೆ ಮರಳಿ ಸೇರಿಸಬೇಕು. ಆ ವರ್ಷ ಹಬ್ಬದ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ನನಗೆ ಗೊತ್ತಾಯಿತು. ಹಿತ್ತಲ ಜಗುಲಿಗೆ ಹೋಗಿ ಕೂತೆ. ಅಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಮೂರು ದಿನ ಅದೇ ನನ್ನ ಸಂಸಾರ. ನಮ್ಮದು ಒಂದೇ ಸಾಲಿನ ಮನೆಯಲ್ಲ, ಎಲ್ ಆಕಾರದ್ದು. ಬೀದಿಕೋಣೆಯ ಒಂದು ಕಿಟಕಿ ಈ ಜಗುಲಿಗೇ ತೆರೆಯುತ್ತಿತ್ತು. ಕಿಟಕಿಗೆ ಒತ್ತಿ ಕಂಪ್ಯೂಟರಿನ ಮೇಜು. ಹಾಗಾಗಿ ನನಗೆ ಕಾಣುತ್ತಿದ್ದುದು ಮಾನಿಟರಿನ ಬೆನ್ನು ಮಾತ್ರ.

ವಿಜಯದಶಮಿಯ ಬೆಳಿಗ್ಗೆ ಮರುಪೂಜೆ ಮುಗಿಸಿ ಚಿಕ್ಕಪ್ಪ ತಾವೇ ಕುರ್ಚಿಯಲ್ಲಿ ಕೂತರು. ಒಳ್ಳೇ ದಿನ, ಮೇಲ್ ನೋಡೋಣ ಅಂತ. ಮೇಲ್ ತೆರೆಯುವುದು, ಫೋಲ್ಡರು ಮಾಡುವುದು, ಅಷ್ಟನ್ನು ನಾನೇ ಅವರಿಗೆ ಕಲಿಸಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಮೌಸನ್ನು ಮೇಜಿಗೆ ಕುಟ್ಟುವ ಸದ್ದು ಕೇಳಿತು.

"ಏನ್ಲಾ ಇದು, ಏನೇನೋ ಕೇಳ್ತೈತೆ! ಮೇಲ್ ಒಂದೂ ಇಲ್ಲ! ಎಲ್ಲಾ ಓಗೈತೆ!"

ಅಜ್ಜಿ ಒಳಗಿನಿಂದ ಬಂದಳು. "ಓಗ್ದೇ ಇನ್ನೇನ್ ಆಗ್ತದೆ? ಅಬ್ಬದ ಮುಂಚಿನ ಸಂಜೆ ತನ್ಕ ಅವ್ಳೇ ತಾನೆ ಅದ್ರ ಮುಂದೆ ಕೂತಿದ್ದು? ತೀಟಾಗ್ಬುಟ್ಟೈತೆ."

ಹಿಂದಿನ ಸಂಜೆ ನನಗೇನೂ ಆಗಿರಲಿಲ್ಲ, ಅಜ್ಜಿ. ಆದರೆ ಅಜ್ಜಿಗೆ ಲೆಕ್ಕ ಯಾಕೆ ಬೇಕು?

ಕಂಪ್ಯೂಟರು ಮಾರಿದ ಅಂಗಡಿಯಿಂದ ಸರ್ವಿಸ್ ಮಾಡುವವನು ಬಂದ. ಪರದೆಯ ಮೇಲೆ ಬರೆದಿದ್ದನ್ನು ಅವನು ಓದಿದ್ದು ನನಗೆ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿತು. ಬ್ರೌಸರಿಗೆ ಯೂಸರ್ ಪ್ರೊಫೈಲ್ ಸಿಗುತ್ತಿಲ್ಲವಂತೆ, ಹೊಸದೊಂದು ಮಾಡಲೇ ಎಂದು ಕೇಳುತ್ತಿದೆಯಂತೆ. ಕೇಳಿದ ಕೂಡಲೇ ನನಗೆ ಅರ್ಧ ಜೀವ ಬಂತು. ಆ ಕಾಲದ ಬ್ರೌಸರು ಬಳಸುವವರ ಹೆಸರಿನಲ್ಲಿ ಒಂದು ಫೋಲ್ಡರು ಮಾಡಿಕೊಳ್ಳುತ್ತಿತ್ತು. ಬಂದ ಮೇಲ್, ವಿಳಾಸಗಳು, ಎಲ್ಲ ಅದರೊಳಗೇ. ಆ ಫೋಲ್ಡರು ಎಲ್ಲಿದೆ ಎಂದು ಒಂದು ಸಲ ನೆನಪಿಟ್ಟುಕೊಂಡರೆ ಮುಗಿಯಿತು, ಪ್ರತಿ ಸಲವೂ ಅಲ್ಲಿಗೇ ಹೋಗಿ ನೋಡುವುದು. ಅಲ್ಲಿ ಇಲ್ಲದಿದ್ದರೆ ಸಿಗಲಿಲ್ಲ ಅನ್ನುತ್ತದೆ. ಪಕ್ಕದ ಮನೆಯಲ್ಲಿ ವಿಚಾರಿಸುವುದಿಲ್ಲ. ಅಂದರೆ ಯಾರೋ ಆ ಫೋಲ್ಡರನ್ನು ಅಲ್ಲಿಂದ ಎತ್ತಿದ್ದಾರೆ.

"ಚಿಕ್ಕಪ್ಪಾ, ಫಾರ್ಮ್ಯಾಟ್ ಗೀರ್ಮ್ಯಾಟ್ ಮಾಡುಸ್ಬೇಡಿ! ಫೋಲ್ಡರ್ ಎಲ್ಲೋ ಓಗೈತೆ ಅಷ್ಟೆ, ಉಡುಕಿಸಿ!" ಎಂದು, ಅವನು ಆ ಮಾತೆತ್ತುವ ಮೊದಲೇ, ಕಿಟಕಿಯಿಂದ ಕೂಗಿದೆ.

ಸರ್ವಿಸಿನವನು ನಕ್ಕ. "ವೈರಸ್ ಸಾರ್. ಫಾರ್ಮ್ಯಾಟ್ ಪಣ್ಣಿಟ್ಟಾ ಎಲ್ಲಾಂ ಸರಿಯಾಯಿಡುಂ."

ಎಲ್ಲ ಅಳಿಸಿಹಾಕಿದರೆ ಎಲ್ಲ ಸರಿಹೋಗುತ್ತದೆ! ಹೌದಪ್ಪ, ಮನೆ ಸುಟ್ಟರೆ ಇಲಿಕಾಟವೂ ತಪ್ಪುತ್ತದೆ. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಕಿಟಕಿಯ ಕಡೆ ತಿರುಗಿದರು.

"ಬಾಯ್ ಮುಚ್ಕೊಂಡ್ ಕೂತ್ಕಳೇ. ಮಾಡಿದ್ದು ಸಾಲ್ದಾ? ಅಲ್ಲಿಂದ್ಲೂ ಮಾತಾಡ್ಬೇಕಾ?"

ಆಮೇಲೆ ಅವನ ಹತ್ತಿರ ತಮಿಳಿನಲ್ಲಿ ಹೇಳಿದರು: ಸಂಜೆ ಸಿ.ಡಿ. ತಗೊಂಡು ಬಂದು ಫಾರ್ಮ್ಯಾಟ್ ಮಾಡು, ಹಾಗೇ ಇದನ್ನು ನೋಡಿಕೊಳ್ಳಲು ಒಬ್ಬ ಆಪರೇಟರನ್ನೂ ಗೊತ್ತು ಮಾಡು. "ಪೊಂಬಳೆ ಪುಳ್ಳೆಗಳ ನಂಬಿ ಇದ ವಿಡ ಮುಡಿಯಾದುಪ್ಪಾ." ಹೆಣ್ಣುಮಕ್ಕಳನ್ನು ನಂಬಿ ಇದನ್ನು ಬಿಡಲಾಗುವುದಿಲ್ಲ. ನಾನು ಚಾಪೆಯ ಅಂಚನ್ನು ಕಿತ್ತು ಕಿತ್ತು ಹಾಕಿದೆ. ನನ್ನ ಕುರ್ಚಿ. ಸಂಜೆಯೊಳಗೆ ಅದರ ಮೇಲೆ ಇನ್ಯಾರೋ.

ಇಷ್ಟಕ್ಕೆ ನಿಂತಿದ್ದರೆ ಹೇಗೋ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ. ಅಜ್ಜಿಗೆ ಇನ್ನೊಂದು ಹೊಳೆಯಿತು. ಧರ್ಮಪುರಿ ಹತ್ತಿರ ಅದಿಯಮಾನ್‌ಕೋಟೆಯ ಭೈರವಸಾಮಿಯ ಗುಡಿಯಿಂದ ವಿಬೂತಿ ತಂದು ಹಚ್ಚಬೇಕಂತೆ, ಆಮೇಲೇ ಆ ಸಿ.ಡಿ.ಯೋ ಗೀಡಿಯೋ ಹಾಕಬೇಕಂತೆ. ಚಿಕ್ಕಪ್ಪನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೇಬಿಟ್ಟಳು. ಕಂಪ್ಯೂಟರಿಗೆ ವಿಬೂತಿ ತರಲು ಧರ್ಮಪುರಿ ಬಸ್ಸು ಹತ್ತಿದವರು ಈ ಲೋಕದಲ್ಲಿ ನಮ್ಮ ಮನೆಯವರೇ ಇರಬೇಕು.

ಅವರ ಸದ್ದು ಬೀದಿಯ ತಿರುವು ದಾಟಿದ ಕೂಡಲೇ ನಾನು ಎದ್ದೆ. ಹಿತ್ತಲ ಬಾಗಿಲಿಗೆ ಅಮ್ಮ ಅಡ್ಡ ಬಂದು ನಿಂತಳು.

"ಎಲ್ಲಿಗ್ ಕಣ್ಣೂ?"

"ಒಳಕ್ಕೆ. ಬುಡು ದಾರಿ. ಎರಡ್ ನಿಮ್ಸದ ಕೆಲ್ಸ."

"ಬೀದಿ ಬಾಗ್ಲು ತೆಗ್ದೈತೆ. ಎದುರ್ಮನೆಯವ್ಳು ಜಗ್ಲಿ ಮೇಲೇ ಕೂತವ್ಳೆ. ನೀನ್ ಅಲ್ಲಿ ಕೂತಿದ್ದು ಕಂಡ್ರೆ ನಿಮ್ಮಜ್ಜಿ ಬಸ್ ಇಳಿಯೋ ಒತ್ಗೇ ಸುದ್ದಿ ಮುಟ್ಟುಸ್ತಾಳೆ. ಆಮೇಲೆ ನೀನ್ ಸರಿ ಮಾಡಿದ್ರೂ ಕೆಡ್ಸಿದ್ಲು ಅಂತ್ಲೇ ಆಗ್ತದೆ."

"ಅಂಗಂದ್ರೆ ಕೈಕಟ್ಕೊಂಡ್ ಕೂತ್ಕಬೇಕಾ? ಸಂಜೆ ಅವ್ನು ಬಂದು ಎಲ್ಲಾ ಅಳ್ಸಿ ಆಕ್ತಾನಮ್ಮಾ! ನನ್ ಕುರ್ಚೀನೂ ಓಗ್ತದೆ!"

ಅಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡಳು. ಬೆಳಗಿನಿಂದಲೂ ಸೊಂಟ ಹಿಡಿದಿದೆ ಅನ್ನುತ್ತಲೇ ಇದ್ದಳು, ಜೀರಿಗೆ ನೀರು ಕಾಯಿಸಿ ಕುಡಿದಿದ್ದಳು. ಆಮೇಲೆ ಅಂದಳು, "ನೀನು ಕಿಟ್ಕಿ ತಾವ್ ಕೂತ್ಕೊಂಡು ಏಳ್ಕೊಡು. ನಾನ್ ಮಾಡ್ತೀನಿ."

ನನಗೆ ಅಳುವೋ ನಗುವೋ ಗೊತ್ತಾಗಲಿಲ್ಲ. ಅಮ್ಮನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಬಸ್ಸಿನ ತಮಿಳು ಬೋರ್ಡನ್ನೇ ಅವಳು ಕೂಡಿಸಿ ಕೂಡಿಸಿ ಓದುತ್ತಿದ್ದಳು. ಮಾನಿಟರನ್ನು ನನ್ನ ಕಡೆ ತಿರುಗಿಸಲು ನೋಡಿದಳು, ಹಿಂದಿನ ತಂತಿಗಳು ಬಿಗಿಯಾಗಿದ್ದವು, ಬರಲಿಲ್ಲ. ಸರಿ ಎಂದು ಕುರ್ಚಿಯ ತುದಿಯಲ್ಲಿ ಕೂತು, ಮೌಸಿನ ಮೇಲೆ ಅಂಗೈ ಇಟ್ಟಳು.

"ಒಂದ್ ಬಾಣ ಓಡಾಡ್ತದಲ್ಲಮ್ಮ, ಕಾಣ್ತದಾ?"

"ಊಂ. ಲಾಳಿ ಓಡ್ದಂಗ್ ಓಡ್ತೈತೆ."

"ಪರದೆ ಮೇಲೆ ಏನೇನ್ ಐತೆ ಏಳು."

"ಮುರುಗ ಅವ್ನೆ."

"ಏನು?"

"ಮುರುಗನ್ ಪಟ ಕಣೇ. ನಿಮ್ ಚಿಕ್ಕಪ್ಪ ಅಬ್ಬಕ್ಕೆ ಆಕಿದ್ದು. ಅದ್ರ ಮೇಲೆ ಸಣ್ ಸಣ್ ಪಟಗೋಳು. ಒಂದು ಅಳ್ದಿ ಡಬ್ಬ, ಸಾಮಿ ಕಾಲ್ ತಾವ್."

ಹಳದಿ ಡಬ್ಬ ಅಂದರೆ ಫೋಲ್ಡರು. ಸಾಮಿಯ ಕಾಲ ಹತ್ತಿರ ನಾನು ಯಾವ ಫೋಲ್ಡರನ್ನೂ ಇಟ್ಟಿರಲಿಲ್ಲ. ಅದರ ಕೆಳಗೆ ಬರೆದಿರುವ ಅಕ್ಷರ ಹೇಗಿದೆ ಹೇಳು ಅಂದೆ.

"ಮೊದ್ಲುಗೆ ಆವು. ಆಮೇಲೆ ಗೋಪ್ರ. ಆಮೇಲೆ ಎರಡ್ ಗೋಪ್ರ ಜೋಡಿ. ಕೊನೇಗ್ ಒಂದ್ ಕಡ್ಡಿ."

ಎಸ್, ಎ, ಎಮ್, ಐ. ಸಾಮಿ.

ಎಲ್ಲ ಒಂದೇ ಸಲ ಹೊಳೆಯಿತು, ಹೊಳೆದ ಕೂಡಲೇ ಕೋಪ ನೆತ್ತಿಗೇರಿತು. ಲಾಳಿ, ಕತ್ತರಿಗಳನ್ನು ಗುಡ್ಡೆ ಹಾಕಿದ ಹಾಗೆ ಚಿಕ್ಕಪ್ಪ ಕಂಪ್ಯೂಟರಿನ ಒಳಗಿನದನ್ನೂ ಗುಡ್ಡೆ ಹಾಕಿದ್ದಾರೆ! ಸಾಮಿ ಅಂತ ಒಂದು ಫೋಲ್ಡರು ಮಾಡಿ, ಅವರಿಗೆ ಗೊತ್ತಿದ್ದ ಫೋಲ್ಡರುಗಳನ್ನೆಲ್ಲ ಎಳೆದು ತಂದು ಅದರೊಳಗೆ ತುಂಬಿ, ಸಾಮಿಯ ಕಾಲ ಬುಡದಲ್ಲಿ ಇಟ್ಟಿದ್ದಾರೆ. ಡಿಸೈನು ಅಲ್ಲೇ ಇರುತ್ತದೆಂದು ಅವರ ಹೆಸರಿನ ಫೋಲ್ಡರನ್ನು ತೆರೆಯಲು ನಾನೇ ತೋರಿಸಿಕೊಟ್ಟಿದ್ದೆ. ಮೇಲ್ ಖಾತೆ ಅವರ ಹೆಸರಿನಲ್ಲೇ ಇದ್ದುದರಿಂದ ಅದೇ ಬ್ರೌಸರಿನ ಪ್ರೊಫೈಲು. ಮಾರನೇ ದಿನ ಲಾಳಿಗಳನ್ನು ಜ್ಞಾಪಕವಾಗಿ ಮಗ್ಗಕ್ಕೆ ಸೇರಿಸಿದ ಮನುಷ್ಯ ಇವನ್ನು ಮಾತ್ರ ಅಲ್ಲೇ ಬಿಟ್ಟಿದ್ದಾರೆ. ಬಿಟ್ಟು, ತೀಟು ಅಂತ ನನ್ನ ತಲೆಗೆ ಕಟ್ಟಿ, ವಿಬೂತಿಗೆ ಹೋಗಿದ್ದಾರೆ!

"ಕಣ್ಣೂ, ಬಯ್ಯೋದ್ ಆಮೇಲ್ ಬಯ್ಯಿವಂತೆ. ಈಗ್ ಏನ್ ಮಾಡ್ಲಿ ಏಳು," ಅಂದಳು ಅಮ್ಮ. ನಾನು ಬಯ್ಯುತ್ತಿರುವುದು ಬಾಯಿಂದ ಹೊರಗೆ ಬಂದಿದೆ ಅಂತ ನನಗೆ ಆಗಲೇ ಗೊತ್ತಾದದ್ದು.

ಆ ಮಧ್ಯಾಹ್ನ ನಾನು ಅಮ್ಮನ ಮೇಲೂ ರೇಗಿದೆ. ಎರಡು ಸಲ ಬೇಗ ಬೇಗ ಒತ್ತು ಅಂದರೆ ಕಂಡಿಕೆ ಸುತ್ತುವ ನಿಧಾನದಲ್ಲಿ ಒತ್ತುತ್ತಾಳೆ. ಎಡಗಡೆ ಬೆರಳು ಅಂದರೆ ಬಲಗಡೆಯದು. ಎಂಥದ್ದೋ ಪಟ್ಟಿ ಬಂತು ಅನ್ನುತ್ತಾಳೆ, ಓಗ್ಸು ಅಂದರೆ ಹೇಗೆ ಅನ್ನುತ್ತಾಳೆ. "ಅಯ್ಯೋ, ಅದಲ್ಲಮ್ಮಾ!" ಎಂದು ನಾನು ಕಂಬಿಗೆ ಹಣೆ ಚಚ್ಚಿಕೊಂಡೆ. "ಕಿರ್ಚ್ಬೇಡ. ನೂಲು ಗಂಟಾದ್ರೆ ಕಿರ್ಚಿದ್ರೆ ಬುಡ್ತದಾ?" ಎಂದು ಅವಳು ಮತ್ತೆ ಮೊದಲಿಂದ ಶುರು ಮಾಡಿದಳು. ಗಂಟು ಬಿಡಿಸುವುದು ಅವಳ ನಿತ್ಯದ ಕೆಲಸ, ನಿಜ. ಚಿಕ್ಕಪ್ಪನ ಹೆಸರಿನ ಫೋಲ್ಡರನ್ನು ಅಕ್ಷರದ ಆಕಾರ ಹೇಳಿ ಗುರುತಿಸಿದೆವು. ಅದನ್ನು ಅಲ್ಲಿಂದ ಕತ್ತರಿಸಿ, ಬ್ರೌಸರಿನ ಫೋಲ್ಡರು ತೆರೆದು, ಅದರೊಳಗೆ ಅದು ಮೊದಲು ಇದ್ದ ಜಾಗಕ್ಕೇ ಅಂಟಿಸುವಷ್ಟರಲ್ಲಿ ಬಿಸಿಲು ಜಗುಲಿ ದಾಟಿ ಬಾವಿಯ ಕಡೆ ಸರಿದಿತ್ತು.

"ಈಗ ಬ್ರೌಸರ್ ಒತ್ತು. ಚುಕ್ಕಾಣಿ ಚಕ್ರದ ಪಟ. ಅದೇ."

ಅಮ್ಮ ಒತ್ತಿದಳು.

"ಏನೂ ಕೇಳ್ಲಿಲ್ಲ ಕಣೇ. ಸುಮ್ನೆ ತೆಗ್ದುಕೊಳ್ತು. ಸಾಲ್ ಸಾಲಾಗ್ ಏನೋ ಬರ್ದೈತೆ."

ಮೇಲ್‌ಗಳು. ಫೋನಿನ ತಂತಿ ಸಿಕ್ಕಿಸಲು ಹೇಳಿ, ಕನೆಕ್ಟ್ ಮಾಡಿಸಿದೆ. ಮೋಡೆಮ್ಮು ಕಿರುಗುಟ್ಟಿತು, ಅಮ್ಮ ಹೆದರಿ ಕೈ ಎಳೆದುಕೊಂಡಳು. ಆಮೇಲೆ ಟಿಣ್ ಅಂತ ಒಂದು ಸದ್ದು. ಮದ್ರಾಸಿನಿಂದ ಹೊಸ ಮೇಲ್ ಬಂದಿತ್ತು. ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮುಂಚೆ ನೋಡಿದ್ದು ಜ್ಞಾಪಕವಿಲ್ಲ. ಯಂತ್ರ ಆಫ್ ಮಾಡಿಸಿದೆ. "ಅವ್ರು ಬರ್ಲಿ, ನಾನೇ ಏಳ್ತೀನಿ. ನೀನ್ ಸುಮ್ಕಿರು," ಅಂದಳು.

ಹೇಳುವುದಕ್ಕೆ ಬಿಟ್ಟರೆ ತಾನೆ? ದೀಪ ಹಚ್ಚುವ ಹೊತ್ತಿಗೆ ಬಂದವರು ಕಾಲು ತೊಳೆದು ನೇರ ಬೀದಿಕೋಣೆಗೆ ಹೋದರು. ಅಮ್ಮ "ಅದು ಮದ್ಯಾನ್ನಾನೇ..." ಅನ್ನುತ್ತಿದ್ದಂತೆ ಅಜ್ಜಿ "ಸುಮ್ಕಿರು, ಮಂತ್ರ ಏಳ್ತಾ ಅವ್ನೆ" ಅಂದಳು. ಚಿಕ್ಕಪ್ಪ ಮಾನಿಟರಿಗೆ ಮೂರು ಗೆರೆ ವಿಬೂತಿ ಎಳೆದು, ಸ್ವಿಚ್ಚು ಹಾಕಿ, ಚಕ್ರದ ಪಟ ಒತ್ತಿದರು. ಬ್ರೌಸರು ತೆರೆಯಿತು.

"ನೋಡಿದ್ಯಾವ್ವಾ! ಸಾಮಿ ಸಾಮೀನೇ!"

ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಚಿಕ್ಕಪ್ಪ ಮದ್ರಾಸಿನವರ ಹೊಸ ಡಿಸೈನನ್ನು ಪ್ರಿಂಟ್ ಹಾಕಿ, ಆ ಕಾಗದವನ್ನು ದೇವರ ಗೂಡಿನಲ್ಲಿಟ್ಟು, ಕರ್ಪೂರ ಹಚ್ಚಿದರು. ನಾನು ಕಿಟಕಿಯ ಕಂಬಿ ಹಿಡಿದು ಕೂಗಿದೆ, "ಚಿಕ್ಕಪ್ಪಾ, ಫೋಲ್ಡರ್ ಸರ್ಸಿದ್ದೇ ನೀವು! ಸಾಮಿ ಅಂತ ಮಾಡಿ ಅದ್ರೊಳಗ್ ಆಕಿದ್ರಲ್ಲ, ಅದ್ಕೇ ಬ್ರೌಸರ್‌ಗೆ ಸಿಕ್ಲಿಲ್ಲ! ನಾವು ಮದ್ಯಾನ್ನ ಸರಿ ಮಾಡಿದ್ವಿ!"

"ನಾನು ಪೂಜೆಗ್ ಇಟ್ಟಿದ್ದು ಕಣೇ. ಪೂಜೆಗ್ ಇಟ್ರೆ ಕೆಟ್ಟೋಗ್ತದಾ? ತೀಟಿಗ್ ಕೆಟ್ಟಿದ್ದು, ವಿಬೂತೀಗ್ ಸರಿ ಓಯ್ತು. ಇನ್ನ ನೀನ್ ಅದ್ರ ತಂಟೆಗ್ ಬರ್ಬೇಡ."

ಅಷ್ಟರಲ್ಲಿ ಸರ್ವಿಸಿನವನು ಸಿ.ಡಿ. ಹಿಡಿದು ಬಂದ. ಸರಿಹೋಯಿತು ಎಂದು ಕೇಳಿ ಮುಖ ಸಣ್ಣಗೆ ಮಾಡಿಕೊಂಡ. ಚಿಕ್ಕಪ್ಪ ಅವನ ಬೆನ್ನು ತಟ್ಟಿ, ಫಾರ್ಮ್ಯಾಟ್ ಬೇಡ, ಆದರೆ ಆಪರೇಟರು ನಾಳೆಯಿಂದಲೇ ಬರಲಿ ಅಂದರು.

ಸರಿ ಮಾಡಿದ ಮೇಲೂ ನನ್ನ ಕುರ್ಚಿ ಹೋಯಿತು. ಇನ್ನೇನು ಮಾಡಬೇಕಿತ್ತು ನಾನು?

"ಅಂಗಾದ್ರೆ ಆ ಕಾಗ್ದ ದೇವ್ರ ಗೂಡಿಂದ ತೆಗ್ದು ಬೀದಿಗ್ ಎಸೀರಿ," ಅಂದಳು ಅಮ್ಮ.

ಚಿಕ್ಕಪ್ಪನ ಎದುರು ಅಮ್ಮ ಗಟ್ಟಿಯಾಗಿ ಮಾತಾಡಿದವಳಲ್ಲ. ಚಿಕ್ಕಪ್ಪ ತಿರುಗಿ ನೋಡಿದರು. "ಏನತ್ತಿಗೆ?"

"ಮದ್ಯಾನ್ನ ಅದ್ನ ಸರಿ ಮಾಡ್ದೋಳು ನಾನು. ಅವ್ಳು ಏಳಿದ್ಲು, ನಾನ್ ಮಾಡ್ದೆ. ಇದೇ ಕೈ. ನಾನೂ ಬೆಳಿಗ್ಗೆಯಿಂದ ಒರಗಾಗಿವ್ನಿ."

ಅಜ್ಜಿ "ಅಯ್ಯಯ್ಯೋ, ಅಯ್ಯಯ್ಯೋ" ಎಂದು ಗೋಡೆಗೆ ಆತುಕೊಂಡಳು.

"ಇವತ್ತಿಂದ್ ಮಾತಲ್ಲ. ಇವ್ಳಪ್ಪ ಓದಾಗಿಂದ ನಾನು ಒಂದ್ ದಿನಾನೂ ಒರಗ್ ಕೂತಿಲ್ಲ. ಕೂತಿದ್ರೆ ನಿಮ್ ಮಗ್ಗಕ್ಕೆ ಕಂಡ್ಕೆ ಯಾರ್ ಸುತ್ತೋರು? ತಿಂಗ್ಳು ತಿಂಗ್ಳೂ ಸುತ್ತಿವ್ನಿ. ಅದೇ ನೂಲಲ್ಲಿ ನೇಯ್ದಿದ್ದು ಮದ್ವೆ ಸೀರೆ, ದೇವ್ರಿಗ್ ಉಡ್ಸೋ ಸೀರೆ. ತೀಟು ಅಂದ್ರೆ ಎಲ್ಲಾನೂ ವಾಪಸ್ ತರ್ಸಿ ಸುಡಿ. ಇಲ್ಲಾಂದ್ರೆ ನನ್ ಮಗ್ಳ ಕುರ್ಚೀಲಿ ಯಾರ್ನೂ ಕೂರುಸ್ಬೇಡಿ."

ಸರ್ವಿಸಿನವನಿಗೆ ಕನ್ನಡ ಎಷ್ಟು ಅರ್ಥವಾಯಿತೋ, ತಲೆ ತಗ್ಗಿಸಿಕೊಂಡು ಚಪ್ಪಲಿ ಹುಡುಕತೊಡಗಿದ. ಚಿಕ್ಕಪ್ಪ ದೇವರ ಗೂಡಿನ ಕಡೆ ನೋಡಿದರು. ಕರ್ಪೂರ ಇನ್ನೂ ಉರಿಯುತ್ತಿತ್ತು. ಕಾಗದವನ್ನು ಅವರು ತೆಗೆಯಲಿಲ್ಲ. "ನಾಳೈಕ್ಕಿ ಯಾರುಂ ವರವೇಣಾಂಪ್ಪಾ," ಎಂದು ಸರ್ವಿಸಿನವನಿಗೆ ಮೆಲ್ಲಗೆ ಹೇಳಿದರು. ಯಾರೂ ಬರುವುದು ಬೇಡ.

ಅಮ್ಮ ಹಿತ್ತಲಿಗೆ ಬಂದು ನನ್ನ ಚಾಪೆಯ ಮೇಲೆ ಕೂತಳು. ನಾನು ಕುಣಿದಾಡಬೇಕಿತ್ತು. ಆದರೆ ಬಂದದ್ದು ಸಿಟ್ಟು, ಅವಳ ಮೇಲೆ.

"ನೀನ್ ಇಷ್ಟು ವರ್ಷ ಒಳಗೇ ಇದ್ದೆ. ನನ್ನ ಯಾಕೆ ಇಲ್ಲಿ ಕೂರುಸ್ದೆ? ನಾಯಿ ತರ ತಟ್ಟೆ ಬೇರೆ, ಲೋಟ ಬೇರೆ! ಯಾಕೆ?"

ಅಮ್ಮ ಕಾಲು ನೀಡಿ, ಸೊಂಟ ಒತ್ತಿಕೊಂಡಳು.

"ಒಳಗಿದ್ರೆ ನಿನ್ನೂ ರಾಟೆ ಮುಂದೆ ಕೂರುಸ್ತಿದ್ರು. ನೀನಾದ್ರೂ ತಿಂಗ್ಳಿಗ್ ಮೂರ್ ದಿನ ಮೈ ಚಾಚಿ ಮಲಿಕ್ಕೊಳ್ಲಿ ಅಂತ."

ನನ್ನ ಕೋಪ ಇಳಿಯಲಿಲ್ಲ, ಅದನ್ನು ಯಾರ ಮೇಲೆ ಹಾಕಬೇಕೆಂದು ಮಾತ್ರ ತಿಳಿಯದೆ ಹೋಯಿತು. ಚಾಪೆಯನ್ನು ಪೂರ್ತಿ ಅವಳಿಗೆ ಬಿಟ್ಟುಕೊಟ್ಟು, ತಲೆದಿಂಬು ಸರಿಸಿದೆ. ಮಲಗು ಅಂದೆ. ಅವಳು ಮಲಗಿದಳು, ಅಷ್ಟು ಜನ ಎದ್ದಿರುವ ಹೊತ್ತಿನಲ್ಲಿ.

ನಾನು ಹಿತ್ತಲ ಬಾಗಿಲು ದಾಟಿ, ಅಜ್ಜಿಯ ಮುಂದೆಯೇ ನಡೆದು, ಕುರ್ಚಿ ಎಳೆದು ಕೂತೆ. ಮದ್ರಾಸಿನವರಿಗೆ ಉತ್ತರ ಕಳಿಸಬೇಕಿತ್ತು. ಚಿಕ್ಕಪ್ಪ ಪಕ್ಕದಲ್ಲಿ ನಿಂತು, ನನ್ನ ಮುಖ ನೋಡದೆ, ಏನು ಬರೆಯಬೇಕೆಂದು ಹೇಳಿದರು. ಸೀರೆ ಯಾವಾಗ ಸಿದ್ಧವಾಗುತ್ತದೆ ಎಂದು ಮದ್ರಾಸಿನವರು ಕೇಳಿದ್ದರು.

"ನಾಳೆಯಿಂದ್ಲೇ ಶುರು ಅಂತ ಬರಿ," ಅಂದರು ಚಿಕ್ಕಪ್ಪ.

"ಮೂರ್ ದಿನ ಕಂಡ್ಕೆ ಸುತ್ತೋರ್ ಇಲ್ಲ, ಚಿಕ್ಕಪ್ಪಾ," ಅಂದೆ. ಹಾಗೆಂದೇ ಬರೆದೆ.